ಚುಚ್ಚುಮದ್ದು ಮೊದಲೋ, ಮಾತ್ರೆ ಮೊದಲೋ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲುಸಾಕದ ಅಂಚಿನ ಕಲುಂಡು ಬಡಾವಣೆಯ ನಲ್ಲಿಯ ಮುಂದೆ ಬಕೆಟ್ಟುಗಳು ಆಗಲೇ ಸಾಲಾಗಿ ನಿಂತಿವೆ. ಅವುಗಳ ಒಡತಿಯರು ಚಿತೆಂಗೆ ಬಟ್ಟೆ ಹೊದ್ದು ಪಕ್ಕದಲ್ಲಿ ಆಕಳಿಸುತ್ತಿದ್ದಾರೆ. ನೀರು ಬಿಡುವ ಕೆಲಸದ ಮಲಿತಾ ಜೆರೆ ತಮ್ಮ ಪುಟ್ಟ ಗೂಡಿನ ಬಾಗಿಲು ತೆಗೆದು ನಲ್ಲಿ ತಿರುಗಿಸುತ್ತಾರೆ. ತುಂಬಿದ ಬಕೆಟ್ಟನ್ನು ಒಬ್ಬರೇ ತಲೆಗೇರಿಸಿಕೊಳ್ಳುವುದು ಕಷ್ಟ. ಮಲಿತಾ ಹೊರಗೆ ಬಂದು ಇನ್ನೊಂದು ಬದಿ ಹಿಡಿಯುತ್ತಾರೆ. ಹಾಗೆ ಎತ್ತುವಾಗ ಇಬ್ಬರ ಮುಖಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬರುತ್ತವೆ. ಅವರ ಇನ್ನೊಂದು ಕೆಲಸ ನಡೆಯುವುದು ಆಗಲೇ, ಪಿಸುದನಿಯಲ್ಲಿ.

ಅದಕ್ಕೆ ಸಂಬಳವಿಲ್ಲ. ಅವರು ಕೇಳುವುದು ಒಂದೇ ಪ್ರಶ್ನೆ. ಮಗುವಿಗೆ ದಡಾರದ ಚುಚ್ಚುಮದ್ದು ಹಾಕಿಸಿದ್ದು ಮಾತ್ರೆ ಶುರುವಾಗುವ ಮೊದಲೋ, ಆಮೇಲೋ? ಮಾತ್ರೆ ಎಂದರೆ ಯಾವ ಮಾತ್ರೆಯೆಂದು ಇಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಎಚ್‌ಐವಿ ಎಂಬ ಪದ ದವಾಖಾನೆಯ ಗೋಡೆಯ ಮೇಲಿದೆ, ಬಾಯಲ್ಲಿಲ್ಲ.

ಪ್ರಶ್ನೆ ಹುಟ್ಟಿದ್ದು ಮಲಿತಾ ಅವರ ಸ್ವಂತ ಮೈಯಲ್ಲಿ. ಹುಟ್ಟಿನಿಂದಲೇ ಅವರ ರಕ್ತದಲ್ಲಿ ವೈರಾಣು ಇತ್ತು. ಹಸುಳೆಯಾಗಿದ್ದಾಗ ಚುಚ್ಚುಮದ್ದು ಬಿತ್ತು. ಮಾತ್ರೆ ಸಿಗುವ ಹೊತ್ತಿಗೆ ಅವರು ಲಂಗ ಬಿಟ್ಟು ಚಿತೆಂಗೆ ಉಡುವ ಹುಡುಗಿಯಾಗಿದ್ದರು. ಮುಂದೆ ಕೆಲವು ವರ್ಷಕ್ಕೆ ಊರಿಗೆಲ್ಲ ದಡಾರ ಬಂದಾಗ ಅವರೂ ಮಲಗಿದರು. ಎಡಗಣ್ಣು ಅಂದಿನಿಂದ ಮಂಜು.

“ಚುಚ್ಚಿಸಿದ್ದು ನಿಜ, ನಮ್ಮವ್ವ ಸುಳ್ಳು ಹೇಳೋಳಲ್ಲ. ಹಂಗಾದ್ರೆ ನನ್ನ ಮೈ ಅದನ್ನ ಹೆಂಗೆ ಮರೀತು? ಅದೊಂದು ತಲೆ ತಿನ್ನೋಕೆ ಹತ್ತಿತು” ಎನ್ನುತ್ತಾರೆ.

ಅವರು ಸಿಕ್ಕಸಿಕ್ಕವರನ್ನೆಲ್ಲ ಕೇಳಿದರು. ಡಾಕ್ಟರಿಗೆ ಪುರುಸೊತ್ತಿರಲಿಲ್ಲ. ಪಾದ್ರಿಯವರು ಪ್ರಾರ್ಥನೆ ಮಾಡೋಣ ಎಂದರು. ಕೊನೆಗೆ ದವಾಖಾನೆಯ ನರ್ಸ್ ಚೊಂಗೊ ಅವರು ಮಾವಿನ ಮರದ ಕೆಳಗೆ ಕಡಲೆಕಾಯಿ ಸುಲಿಯುತ್ತ ಕೂತು ಬಿಡಿಸಿ ಹೇಳಿದರು. ಆ ವಿವರಣೆಯನ್ನು ಮಲಿತಾ ಈಗ ತಮ್ಮದೇ ಧಾಟಿಯಲ್ಲಿ ಹೇಳುತ್ತಾರೆ: “ಜ್ವರದ ಮಗೂನ ಶಾಲೆಗೆ ಕಳಿಸಿದಂಗೆ. ಹೋಯ್ತು, ಕೂತ್ಕೊಂತು, ಹಾಜರಿಯೂ ಬಿತ್ತು. ಪಾಠ ಮಾತ್ರ ತಲೆಗೆ ಹತ್ತಲಿಲ್ಲ. ಹತ್ತಿದ್ದೂ ನಿಲ್ಲಲಿಲ್ಲ. ಮಾತ್ರೆ ತಗೊಂಡು ಮೈ ಗಟ್ಟಿಯಾದ ಮೇಲೆ ಇನ್ನೊಂದು ಸಲ ಕಳಿಸಬೇಕು.”

ಮೊದಮೊದಲು ಅವರು ಸಾಲಿನಲ್ಲಿ ನಿಂತವರನ್ನು ಎಲ್ಲರ ಎದುರೇ ಕೇಳಿಬಿಡುತ್ತಿದ್ದರು. ಹಾಗೆ ಕೇಳಿಸಿಕೊಂಡ ಒಬ್ಬಾಕೆ ಬಕೆಟ್ ಎತ್ತಿಕೊಂಡು ಹೊರಟವಳು ಇಂದಿಗೂ ಮಾರುಕಟ್ಟೆಯಾಚೆಯ ನಲ್ಲಿಯಿಂದ ನೀರು ಹೊರುತ್ತಾಳೆ. ಬಕೆಟ್ ಎತ್ತುವ ಗಳಿಗೆಗೆ ಕಾಯುವುದನ್ನು ಮಲಿತಾ ಕಲಿತದ್ದು ಆಮೇಲೆ.

ಇಲ್ಲಿ ಜೂನ್ ಎಂದರೆ ಚಳಿಗಾಲ. ಈ ಸಲದ ಚಳಿಯಲ್ಲಿ ಬಡಾವಣೆಗೆ ಮತ್ತೆ ಚಿಕುಕು ಬಂದಿದೆ. ದಡಾರಕ್ಕೆ ಇಲ್ಲಿಯ ಹೆಸರು ಅದು. ಸುದ್ದಿ ಕಿವಿಗೆ ಬಿದ್ದ ಕೂಡಲೇ ಮಲಿತಾ ಅವರಿಗೆ ನೆನಪಾದದ್ದು ಥೊಕೊ, ದವಾಖಾನೆಯ ಮಾತ್ರೆಯ ಸಾಲಿನಲ್ಲಿ ಕಂಡಿದ್ದ ಏಳು ವರ್ಷದ ಹುಡುಗಿ. (ಈ ಮನೆಯವರ ಹೆಸರುಗಳನ್ನು ಬದಲಿಸಿದೆ.) ಅವಳಿಗೆ ಮಾತ್ರೆ ಶುರುವಾಗಿದ್ದು ಹೋದ ವರ್ಷ, ಚುಚ್ಚುಮದ್ದುಗಳೆಲ್ಲ ಅದಕ್ಕೂ ಬಹಳ ಮೊದಲಿನವು. ತಾಯಿ, ಮಗುವಿನ ಹೆಸರಿಡಿದು ಕರೆಯುವ ಇಲ್ಲಿಯ ರೂಢಿಯಂತೆ ಬನಾ ಥೊಕೊ, ಗಂಡ ಸತ್ತ ಮೇಲೆ ಅತ್ತೆಯ ಮನೆಯಲ್ಲಿದ್ದಾಳೆ. ಮಾತ್ರೆಯ ಸುದ್ದಿ ಅತ್ತೆಗೆ ಗೊತ್ತಿಲ್ಲ. ಗೊತ್ತಾದರೆ ತಾಯಿ ಮಗಳು ಬೀದಿಗೆ ಬೀಳಬೇಕು ಎಂಬ ಭಯ.

ಬಕೆಟ್ ಎತ್ತುವಾಗ ಮಲಿತಾ ಕೇಳಿದರೆ ಅವಳ ಉತ್ತರ ಸಿದ್ಧವಾಗಿತ್ತು: “ಅಕ್ಕಾ, ಅಭಿಯಾನದಲ್ಲಿ ಅವಳ ಕಿರುಬೆರಳಿಗೆ ಮಸಿ ಹಚ್ಚಿದ್ರಲ್ಲ. ಎರಡು ಸಲ ಹಚ್ಚಿದಾರೆ.”

ಚುಚ್ಚುಮದ್ದಿನ ಅಭಿಯಾನದಲ್ಲಿ ಮಗುವಿನ ಉಗುರಿಗೆ ಮಸಿಯ ಗುರುತು ಹಾಕುವುದು ಇಲ್ಲಿನ ರೂಢಿ. ಮಸಿ ಬಿದ್ದ ಬೆರಳನ್ನು ತಾಯಂದಿರು ಬಹುಮಾನದಂತೆ ಎತ್ತಿ ತೋರಿಸುತ್ತಾರೆ. ಅಲ್ಲಿಗೆ ಮುಗಿಯಿತೆಂದು ನಂಬುತ್ತಾರೆ. ಮಲಿತಾ ಅಂದರು: “ಮಸಿ ಉಗುರಿಗೆ ಹತ್ತಿತ್ತು ಕಣೇ. ರಕ್ತಕ್ಕೆ ಹತ್ತಿತ್ತಾ, ಯಾರು ನೋಡಿದಾರೆ? ಗುರುವಾರ ದವಾಖಾನೆಗೆ ಕರ್ಕೊಂಡು ಬಾ.”

ಏಳು ವರ್ಷದವಳನ್ನು ಮತ್ತೆ ಯಾಕೆ ಚುಚ್ಚಿಸುತ್ತೀಯೆಂದು ಅತ್ತೆ ಕೇಳಿದರೆ ಏನು ಹೇಳಲಿ ಎಂದಳಂತೆ ಬನಾ ಥೊಕೊ. ಬಕೆಟ್ ತಲೆಗೇರಿತು, ಅವಳು ಹೊರಟುಹೋದಳು.

ಗುರುವಾರ ನಲ್ಲಿಯ ಕೆಲಸ ಮುಗಿಸಿ ಮಲಿತಾ ದವಾಖಾನೆಯ ಬೆಂಚಿನ ಮೇಲೆ ಕಾಯುತ್ತಾರೆ. ಬಿಸಿಲು ಏರುತ್ತದೆ. ಕೊನೆಗೆ ಗೇಟಿನಲ್ಲಿ ಥೊಕೊ ಕಾಣುತ್ತಾಳೆ. ಕೈ ಹಿಡಿದಿರುವುದು ತಾಯಿಯಲ್ಲ, ಅಜ್ಜಿ. ಅಜ್ಜಿಯನ್ನು ಇಲ್ಲಿ ಅಂಬುಯ ಎನ್ನುತ್ತಾರೆ; ಅಂಬುಯ ದೈನೆಸ್ ಎಂದರೆ ಇಡೀ ಬಡಾವಣೆ ಹೆದರುವ ನಾಲಿಗೆ. ಮುದುಕಿ ಬಂದು ಪಕ್ಕದಲ್ಲೇ ಕೂರುತ್ತಾರೆ.

“ಹಂಗ್ಯಾಕೆ ಕಣ್ಣು ಬಿಡ್ತೀಯೆ?” ಎನ್ನುತ್ತಾರೆ. “ಮಾತ್ರೆ ಡಬ್ಬಿ ಗಲಗಲ ಅನ್ನಬಾರದು ಅಂತ ನನ್ನ ಸೊಸೆ ಅದಕ್ಕೆ ಹತ್ತಿ ತುರುಕ್ತಾಳೆ. ಆ ಹತ್ತಿ ಎಲ್ಲಿಂದ ಬರುತ್ತೆ ಅಂದ್ಕೊಂಡೆ? ನನ್ನ ದಿಂಬಿಂದ. ಒಂದು ವರ್ಷದಿಂದ ಬರೀ ಗಲೀಪಿನ ಮೇಲೆ ತಲೆಯಿಟ್ಟು ಮಲಗ್ತಿದೀನಿ. ತಾನಾಗೇ ಹೇಳಲಿ ಅಂತ ಸುಮ್ಮನಿದ್ದೆ.”

ಮೊನ್ನೆ ಎದುರುಮನೆಯ ಮಗುವಿಗೆ ಕೆಂಪು ಗುಳ್ಳೆ ಎದ್ದಿತಂತೆ. ಸೊಸೆ ಒಲೆಯ ಮುಂದೆ ನ್ಶಿಮಾ ಮುದ್ದೆ ತೊಳಸುವುದನ್ನೂ ಮರೆತು ಕೂತಿದ್ದಳಂತೆ. ಹಿಟ್ಟು ಸೀದ ವಾಸನೆಗೆ ಎದ್ದುಬಂದ ಅತ್ತೆ ತಾವೇ ಮಾತು ತೆಗೆದರಂತೆ. ಅತ್ತು ಅತ್ತು ಕಣ್ಣು ಊದಿದ ಸೊಸೆ ಈ ಹೊತ್ತು ಮನೆಯಲ್ಲಿ ಮಲಗಿದ್ದಾಳೆ.

ನರ್ಸ್ ಚೊಂಗೊ ಥೊಕೊಳ ಹಿಂದಿನ ರಕ್ತಪರೀಕ್ಷೆ ನೋಡಿ, ಮೈಯಲ್ಲಿ ಈಗ ಕಸುವಿದೆ, ಹಾಕಬಹುದು ಎನ್ನುತ್ತಾರೆ. ಸೂಜಿ ಒಳಗೆ ಹೋಗುವಾಗ ಹುಡುಗಿ ಅಳುವುದಿಲ್ಲ. ಮಸಿ ಹಚ್ಚಲಿಲ್ಲವೆಂದು ಆಮೇಲೆ ಅಳುತ್ತಾಳೆ. ಅಂಬುಯ ಗದರುತ್ತಲೇ ಅವಳನ್ನು ಸೊಂಟಕ್ಕೇರಿಸಿಕೊಂಡು ಮನೆಯ ದಾರಿ ಹಿಡಿಯುತ್ತಾರೆ.

ಇದಕ್ಕೆ ನಿಮಗೇನು ಸಿಕ್ಕಿತು ಎಂದರೆ ಮಲಿತಾ ನಗುತ್ತಾರೆ. ಕೇಳುವುದೇ ಆದರೆ ಅವರಿಗೊಂದು ಆಸೆಯಿದೆ. ಮೈ ಪಾಠ ಕಲಿತಿದೆಯೋ ಇಲ್ಲವೋ ಎಂದು ಹೇಳುವ ಪರೀಕ್ಷೆ ಈ ದವಾಖಾನೆಯಲ್ಲಿಲ್ಲ.

“ಈ ಸಲ ಕಲ್ತಿರುತ್ತೆ ಅಂತಾರೆ ನರ್ಸಮ್ಮ. ‘ಇರುತ್ತೆ’ ಅಂದ್ರೆ ನನಗೆ ನಿದ್ದೆ ಬರಲ್ಲ. ಯಾರಾದ್ರೂ ಒಂದಿನ ಆ ಹುಡುಗಿ ರಕ್ತ ನೋಡಿ, ಹೌದು, ಇದಕ್ಕೆ ನೆನಪಿದೆ ಅಂತ ನನ್ನೆದುರು ಹೇಳಬೇಕು. ಅಷ್ಟು ಕೇಳಿಸ್ಕೊಂಡ್ರೆ ಸಾಕು.”