ವಾಗ್ದೇವಿಯ ಹಸಿರು ಸ್ಟಿಕ್ಕರು

ನನ್ನ ಗೆಳತಿ ವಾಗ್ದೇವಿಗೆ ಯಾರಿಗೂ ಇಲ್ಲ ಅನ್ನಲು ಬರುವುದಿಲ್ಲ, ಮಗು. ಮೈಸೂರಿನಲ್ಲಿ ಟೀಚರ್ ಆಗಿದ್ದವಳು, ಈಗ ಅಮೆರಿಕದ ಆಶ್‌ಬರ್ನ್‌ನಲ್ಲಿ ಮಗಳ ಜೊತೆ ಇದ್ದಾಳೆ. ಅವಳು ಮಾಡುವ ಗೊಜ್ಜವಲಕ್ಕಿ ತಿನ್ನಬೇಕು ನೀನು, ಅದಿರಲಿ. ಹೋದ ವರ್ಷ ಅವಳ ಯಜಮಾನರು ಮೆಟ್ರೋ ಸ್ಟೇಷನ್ ಹತ್ತಿರ ರಸ್ತೆ ದಾಟುವಾಗ ಕಾರು ಬಡಿದು ಹೋಗಿಬಿಟ್ಟರು. ಅಲ್ಲಿ ಒಂದು ಸಿಗ್ನಲ್ಲೂ ಇಲ್ಲ. ಅವಳು ಅಳಲೂ ಇಲ್ಲ. ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾಳೆ, ಅಷ್ಟೇ.

ಮುಂದಿನ ಇಪ್ಪತ್ತೈದು ವರ್ಷದ ರಸ್ತೆಗಳ ಬಗ್ಗೆ ಜನರನ್ನು ಕೇಳಲು ಕೌಂಟಿಯವರು, ಅಂದರೆ ಅಲ್ಲಿನ ಜಿಲ್ಲಾಡಳಿತದವರು, ಲೈಬ್ರರಿಯಲ್ಲಿ ಸಭೆ ಕರೆದಿದ್ದರು. ಯಜಮಾನರು ಹೋದ ಜಾಗಕ್ಕೊಂದು ಸಿಗ್ನಲ್ ಕೇಳಲಿ ಎಂದು ನಾನೇ ಕರೆದುಕೊಂಡು ಹೋದೆ. ಆ ಊರಿನ ನಿವಾಸಿಗಳಿಗೆ ಮೂರು ಮೂರು ಹಸಿರು ಸ್ಟಿಕ್ಕರ್ ಕೊಟ್ಟರು. ಎಲ್ಲಿ ಏನಾದರೂ ಆಗಬೇಕೋ ಆ ಜಾಗಕ್ಕೆ ಮ್ಯಾಪಿನ ಮೇಲೆ ಅಂಟಿಸಬೇಕು. ನಾನು ಬೇರೆ ಊರಿನವಳು, ರಾಲಿಯವಳು, ನನಗೆ ಕೊಡಲಿಲ್ಲ.

ನಾನು ಕಾಫಿ ತರುವಷ್ಟರಲ್ಲಿ ಅವಳ ಕೈ ಬರಿದಾಗಿತ್ತು.

"ಎಲ್ಲೇ ನಿನ್ನ ಸ್ಟಿಕ್ಕರು?"

"ಆ ಅಜ್ಜ ಸೈಕಲ್ ದಾರಿಗೆ ಒಂದು ಕೇಳಿದ್ರು. ಇನ್ನೊಬ್ರು ಬಸ್ಸಿಗೆ. ಆ ಹುಡುಗಿ ಪಾರ್ಕಿಂಗ್‌ಗೆ."

"ನಿಮ್ಮವರು ಹೋದ ಜಾಗಕ್ಕೆ?"

"ಬಾಯಿಬಿಟ್ಟು ಕೇಳಿದ್ರಲ್ಲ ಕಣೇ, ಇಲ್ಲ ಅಂತ ಹೇಗನ್ನೋದು?"

"ಹೋಗಿ ಇನ್ನೊಂದು ಕೇಳು ಮಹಾತಾಯಿ!"

ಅದಕ್ಕೂ ದಾಕ್ಷಿಣ್ಯ. ಕಾಫಿ ಕುಡಿದು ಪೇಪರ್ ಲೋಟ ಕಸಕ್ಕೆ ಹಾಕಿ ಹೊರಟಳು. ಮ್ಯಾಪಿನಲ್ಲಿ ಆ ಜಾಗ ಖಾಲಿ ಇತ್ತು.

ಹೊರಗೆ, ಕೆಲಸ ಮುಗಿಸಿ ನಮ್ಮನ್ನು ಕರೆದೊಯ್ಯಲು ಬಂದಿದ್ದ ಮಗಳು ಶ್ರದ್ಧಾ ಕಾರಿನಲ್ಲಿ ಕಾಯುತ್ತಿದ್ದಳು.

"ಅಂಟಿಸಿದ್ಯಾ ಅಮ್ಮ, ಅಪ್ಪನ ಜಾಗಕ್ಕೆ?"

"ಎಲ್ಲಾ ಮುಗಿದೋಯ್ತು," ಎಂದು ವಾಗ್ದೇವಿ ಸೀಟ್ ಬೆಲ್ಟ್ ಹಾಕಿಕೊಂಡಳು.