ಕೀಳಬಾರದಿದ್ದ ಗುಣಿ

2023ರಲ್ಲಿ ನಾನು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ತೋಟದ ಬೆಳೆಗಳ ಕ್ಷೇತ್ರ ಸಹಾಯಕನಾಗಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ, ನರ್ಸರಿಯಲ್ಲಿ ಸಸಿಗೆ ನೀರು ಹಾಕುವ ಕೆಲಸಕ್ಕೆ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಅಲ್ಲಿಗೆ ಬಂದಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಆ ವರ್ಷ ನಾನು ಮಾಡಿದ ಒಂದು ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ವರದಿಯಲ್ಲಿ ಬರೆದದ್ದು ಬೇರೆ.

ತೆಂಗಿನ ಮರಗಳ ನಡುವೆ ಸುವರ್ಣಗೆಡ್ಡೆ ಬೆಳೆದು ತೋರಿಸುವ ಪ್ರಾತ್ಯಕ್ಷಿಕೆ ತಾಕು ನನ್ನ ಪಾಲಿಗೆ ಬಂತು. ಶೆಟ್ಟಿಕೆರೆ ಕಡೆಯ ಲಕ್ಕಮ್ಮನವರ ತೋಟವನ್ನು ಆರಿಸಿದೆ. ಅರವತ್ತು ದಾಟಿದ ಹೆಂಗಸು, ಗಂಡ ಇಲ್ಲ. ಪಕ್ಕದ ತೋಟ ಮೈದುನ ರಂಗಪ್ಪನದು. ಇಬ್ಬರ ಬೇಸಾಯವೂ ಒಟ್ಟಿಗೇ ನಡೆಯುತ್ತಿತ್ತು. ಲಕ್ಕಮ್ಮನವರ ಹತ್ತಿರ ಅತ್ತೆಯ ಕಾಲದಿಂದ ಬಂದ ಸುವರ್ಣಗೆಡ್ಡೆಯ ತಳಿಯೊಂದಿತ್ತು. ಬೇಯಿಸಿದರೆ ಬೆಣ್ಣೆಯಂತಾಗುತ್ತಿತ್ತು, ನಾಲಿಗೆ ಕೆರೆಯುತ್ತಿರಲಿಲ್ಲ. ಊರಿನ ಉಳಿದವರೆಲ್ಲ ಅದನ್ನು ಎಂದೋ ಕೈಬಿಟ್ಟಿದ್ದರು.

ತಾಕಿನಲ್ಲಿ ಅರವತ್ತು ಗುಣಿ ತೆಗೆಸಿ, ಅವರದೇ ಬೀಜದ ಗೆಡ್ಡೆ ನೆಡಿಸಿದೆ. ಬದುವಿನ ಮೇಲೆ, ಬಾವಿಯ ಕಡೆಗೆ, ಅದೇ ಗೆಡ್ಡೆಯಿದ್ದ ಇನ್ನೊಂದು ಹಳೆಯ ಗುಣಿ ಇತ್ತು. ಅದನ್ನೂ ಲೆಕ್ಕಕ್ಕೆ ಸೇರಿಸೋಣವೆಂದೆ.

“ಅದನ್ನ ಕೀಳಾಕಿಲ್ಲ ಕಣಪ್ಪ,” ಎಂದರು ಲಕ್ಕಮ್ಮ. “ನಮ್ಮತ್ತೆನೂ ಕೀಳ್ತಿರಲಿಲ್ಲ. ಅದು ಅಲ್ಲೇ ಇರ್ಲಿ ಬುಡು.”

ಯಾಕೆಂದು ನಾನು ಕೇಳಲಿಲ್ಲ. ಹೆಂಗಸರ ನಂಬಿಕೆ ಅಂದುಕೊಂಡೆ.

ಆ ವರ್ಷ ಮುಂಗಾರು ಕೈಕೊಟ್ಟಿತು. ಕೊಡೆಯಂತೆ ಬಿಚ್ಚಬೇಕಾದ ಎಲೆ ಅಂಗೈಯಗಲಕ್ಕೇ ನಿಂತಿತು. ಹನಿ ನೀರಾವರಿ ಪೈಪಿನಲ್ಲಿ ವಾರಕ್ಕೊಮ್ಮೆ ನೀರು ಬಂದರೆ ಹೆಚ್ಚು. ತೆಂಗಿನ ಗರಿಗಳೇ ಒಣಗಿ ಜೋತು ಬಿದ್ದು, ನೆರಳೂ ಇಲ್ಲದಂತಾಯಿತು. 2024ರ ಜನವರಿಯಲ್ಲಿ ಗೆಡ್ಡೆ ಕೀಳಿಸಿದರೆ, ನೆಟ್ಟ ಹೋಳಿಗಿಂತ ಬಂದ ಗೆಡ್ಡೆಯೇ ಚಿಕ್ಕದು. ರಂಗಪ್ಪ ಒಂದನ್ನು ಕೈಯಲ್ಲಿ ಹಿಡಿದು, ಇದಕ್ಕೆ ಸುವರ್ಣಗೆಡ್ಡೆ ಅನ್ನೋದಕ್ಕಿಂತ ಬೆಳ್ಳುಳ್ಳಿ ಅಂತ ಬೋರ್ಡ್ ಹಾಕಿಸಿ ಸಾ, ಎಂದು ನಕ್ಕ. ನನಗೆ ನಗು ಬರಲಿಲ್ಲ. ಮರುವಾರವೇ ಕ್ಷೇತ್ರೋತ್ಸವವಿತ್ತು. ತಿಪಟೂರು, ತುರುವೇಕೆರೆ ಕಡೆಯಿಂದಲೂ ರೈತರು ನೋಡಲು ಬರುವವರಿದ್ದರು.

ಕ್ಷೇತ್ರೋತ್ಸವಕ್ಕೆ ಎರಡು ದಿನ ಮೊದಲು ಲಕ್ಕಮ್ಮ ನೆಂಟರ ಮನೆಯ ಕಾರ್ಯಕ್ಕೆಂದು ಹಾಲ್ಕುರಿಕೆಗೆ ಹೋಗಿದ್ದರು. ನಾನು ತೋಟಕ್ಕೆ ಹೋಗಿ ರಂಗಪ್ಪನಿಗೆ, ಬದುವಿನ ಗುಣಿ ಅಗೆ, ನಿಮ್ಮ ಅತ್ತಿಗೆ ಒಪ್ಪಿದ್ದಾರೆ ಎಂದೆ. ಅವನು ಹಾರೆ ತಂದು ಬದುವಿನ ಮೇಲೆ ಊರಿದ.

“ಅತ್ತಿಗೆ ನಿಜವಾಗ್ಲೂ ಹೂಂ ಅಂದ್ರಾ ಸಾ?”

“ಫೋನಿನಲ್ಲಿ ಮಾತಾಡಿದೆ ಕಣಪ್ಪ,” ಎಂದೆ. ಮಾತಾಡಿರಲಿಲ್ಲ.

ಹನ್ನೊಂದು ಕೆಜಿಯ ಗೆಡ್ಡೆ ಬಂತು. ಎಷ್ಟೋ ವರ್ಷ ಮಣ್ಣಿನಲ್ಲೇ ಇದ್ದು ಬೆಳೆದದ್ದು. ಕ್ಷೇತ್ರೋತ್ಸವದ ಮೇಜಿನ ಮೇಲೆ ಅದನ್ನಿಟ್ಟು, ಈ ಬರದಲ್ಲೂ ಒಂದೇ ಹಂಗಾಮಿನಲ್ಲಿ ಬಂದ ಫಸಲು ಎಂದು ಚೀಟಿ ಅಂಟಿಸಿದೆ. ಜನ ಮುಟ್ಟಿ ನೋಡಿದರು, ಮೊಬೈಲಿನಲ್ಲಿ ಫೋಟೊ ಹಿಡಿದರು. ಬೀಜ ಬೇಕೆಂದು ಕೇಳಿದರು. ಅಲ್ಲೇ ಹದಿನಾರು ಹೋಳು ಮಾಡಿಸಿದೆ. ನಡುವಿನ ಮೊಳಕೆಯ ಕಣ್ಣಿನ ಚೂರು ಪ್ರತಿ ಹೋಳಿಗೂ ಬರುವಂತೆ ಕೊಯ್ದು, ಸಗಣಿ ಬಗ್ಗಡದಲ್ಲಿ ಅದ್ದಿ ಒಣಗಿಸುವುದು ಕ್ರಮ. ಅದರಲ್ಲಿ ತಪ್ಪು ಮಾಡಲಿಲ್ಲ. ನಾಲ್ಕು ಜನ ರೈತರಿಗೆ ತಲಾ ಮೂರು ಕೊಟ್ಟು, ನಾಲ್ಕನ್ನು ಲಕ್ಕಮ್ಮನವರಿಗೆ ಉಳಿಸಿದೆ.

ಅವರು ಊರಿನಿಂದ ಬಂದು ಬದುವಿನ ಮೇಲೆ ಖಾಲಿ ಗುಣಿ ನೋಡಿದರು. ಯಾರು ಕಿತ್ತದ್ದೆಂದು ನನ್ನನ್ನೇ ಕೇಳಿದರು. ರಂಗಪ್ಪ ಕಿತ್ತುಕೊಟ್ಟ ಎಂದೆ. ಅದು ಸುಳ್ಳಲ್ಲವೆಂದು ಮನಸ್ಸಿಗೆ ಹೇಳಿಕೊಂಡೆ. ಸಾಹೇಬರೇ ಹೇಳಿದ್ದು ಅಂತ ರಂಗಪ್ಪ ಬಾಯಿ ಬಾಯಿ ಬಡಿದುಕೊಂಡರೂ ಅವರು ನಂಬಲಿಲ್ಲ. ಸರ್ಕಾರಿ ಮನುಷ್ಯ ಯಾಕೆ ಸುಳ್ಳು ಹೇಳ್ತಾನೆ ಅಂದರಂತೆ. ಅವತ್ತಿನಿಂದ ಅತ್ತಿಗೆ ಮೈದುನನ ನಡುವೆ ಮಾತು ನಿಂತಿತು.

ಆ ಗುಣಿ ಯಾಕಿತ್ತೆಂಬುದು ನನಗೆ ಗೊತ್ತಾದದ್ದು ಆ ಬೇಸಿಗೆಯಲ್ಲಿ. ತಾಕಿನಲ್ಲಿ ಸಿಕ್ಕಿದ್ದ ಚಿಕ್ಕ ಗೆಡ್ಡೆಗಳನ್ನು ಲಕ್ಕಮ್ಮ ಬೀಜಕ್ಕೆಂದು ಅಟ್ಟದ ಮೇಲೆ ಹರಡಿದ್ದರು. ಮಾರ್ಚಿ ಹೊತ್ತಿಗೆ ಎಲ್ಲವೂ ಒಣಗಿ ಬೆಂಡಾದವು. ಇಡೀ ಗೆಡ್ಡೆ ಆಳದಲ್ಲಿದ್ದರೆ ಮಳೆಯಿಲ್ಲದ ವರ್ಷ ಮೊಳೆಯದೆ ಸುಮ್ಮನೆ ಕಾಯುತ್ತದೆ. ಕೊಯ್ದ ಹೋಳಿಗೆ ಕಾಯುವ ಶಕ್ತಿಯಿಲ್ಲ, ಮೊಳೆಯಬೇಕು ಇಲ್ಲವೇ ಸಾಯಬೇಕು. ಇದು ನನಗೆ ಪುಸ್ತಕದಿಂದ ಗೊತ್ತಿತ್ತು. ಎಲ್ಲ ಬೀಜವೂ ಹೋದ ವರ್ಷಕ್ಕೆಂದು, ನೀರು ನಿಲ್ಲದ ಬದುವಿನ ಮೇಲೆ ಅವರ ಅತ್ತೆ ಒಂದು ಗುಣಿಯನ್ನು ಬಿಟ್ಟಿದ್ದರು. ಅಂಥ ವರ್ಷ ಬಂದೇಬಿಟ್ಟಿತ್ತು.

ಹದಿನಾರು ಹೋಳುಗಳ ಪಾಡು ಇಷ್ಟು. ಲಕ್ಕಮ್ಮನವರ ಪಾಲಿನ ನಾಲ್ಕನ್ನು ಏಪ್ರಿಲ್ ಕೊನೆಗೆ ನೆಟ್ಟೆವು. ಅವರು ಮೇಲೆ ಗರಿ ಹೊದಿಸಿ, ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದರು. ಆ ಬಿಸಿಲಿಗೆ ಎರಡರ ಮೊಳಕೆ ತುದಿಯಲ್ಲೇ ಸುಟ್ಟುಹೋಯಿತು. ಉಳಿದ ಎರಡು ಜೂನ್ ಮಳೆಗೆ ಎದ್ದು ನಿಂತವು. ಅಕ್ಟೋಬರಿನಲ್ಲಿ ಬಿಡದೆ ಮಳೆ ಹೊಯ್ದು ತೋಟದಲ್ಲಿ ಕಾಲು ಹೂಳುವಷ್ಟು ಕೆಸರಾಯಿತು. ದಂಟಿನ ಬುಡದಲ್ಲಿ ಬಿಳಿ ಬೂಸ್ಟು ಕಂಡಿತು; ಅದೇ ಬುಡ ಕೊಳೆ ರೋಗ. ಔಷಧಿ ತಂದು ಸುರಿದೆ. ಅಷ್ಟರಲ್ಲಿ ನನಗೆ ನಿವೃತ್ತಿಯೂ ಆಗಿತ್ತು.

ತಿಪಟೂರಿನ ಇಬ್ಬರು, ತುರುವೇಕೆರೆಯ ಇಬ್ಬರು ರೈತರ ತೋಟಗಳಿಗೆ ಬಸ್ಸಿನಲ್ಲಿ ಹೋದೆ. ಒಂದಾದರೂ ಇದೆಯೇ ಎಂದು ಕೇಳಿದೆ. ಮೂರು ಕಡೆ ಮೊಳೆತೇ ಇರಲಿಲ್ಲ. ನಾಲ್ಕನೆಯವರು ತಿಪ್ಪೆಯ ಕಡೆ ಕೈ ತೋರಿಸಿ, “ನಿಮ್ಮ ಬರದ ಗೆಡ್ಡೆ ಒಂದು ಮಳೆ ತಡೀಲಿಲ್ಲವಲ್ರೀ,” ಎಂದರು.

2025ರ ಜನವರಿಯಲ್ಲಿ ಲಕ್ಕಮ್ಮ ತಮ್ಮ ಎರಡು ಗುಣಿಯನ್ನು ಅಗೆದ ದಿನ ನಾನು ಅಲ್ಲಿದ್ದೆ. ಮೊದಲನೆಯದರಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲಿ ಸಿಪ್ಪೆ ಸಿಕ್ಕಿತು. ಒತ್ತಿದರೆ ಒಳಗಿನಿಂದ ನೀರು ಬಂತು. ಅವರು ಮಣ್ಣನ್ನು ಬೆರಳಲ್ಲಿ ಕೆದಕಿ, ಕಡಲೆಯಷ್ಟು ಗಟ್ಟಿಯಾದದ್ದೇನಾದರೂ ಇದೆಯೇ ಎಂದು ಬಹಳ ಹೊತ್ತು ಹುಡುಕಿದರು. ಅಲ್ಲೇ ನಾನು ಹೇಳಿದೆ. ಫೋನ್ ಮಾಡಿರಲಿಲ್ಲ ಎಂದೆ, ರಂಗಪ್ಪನಿಗೆ ಸುಳ್ಳು ಹೇಳಿ ಅಗೆಸಿದೆ ಎಂದೆ.

ಅವರು ನನ್ನನ್ನು ಬೈಯಲಿಲ್ಲ. “ಒಂದು ವರ್ಷ ಅವನ ಮನೆ ನೀರು ಮುಟ್ಟಲಿಲ್ಲವಲ್ಲ ನಾನು,” ಎಂದರು. ಆಮೇಲೆ, “ನೀವು ಇನ್ನು ಈ ತೋಟಕ್ಕೆ ಬರಬ್ಯಾಡಿ ಸಾಮಿ,” ಎಂದರು.

ಪಕ್ಕದ ತೋಟಕ್ಕೆ ಹೋಗಿ ರಂಗಪ್ಪನಿಗೂ ಹೇಳಿದೆ. ಅವನು ಕಾಯಿ ಸುಲಿಯುತ್ತಿದ್ದ. ಕೈ ನಿಲ್ಲಿಸಲಿಲ್ಲ. ಈಗ ಹೇಳಿದ್ರೆ ಯಾರಿಗೆ ಏನು ಬಂತು ಎಂದಷ್ಟೇ ಕೇಳಿದ.

ತಳಿ ಹಾಳಾಗಲು ಅನಾವೃಷ್ಟಿ ಮತ್ತು ಅತಿವೃಷ್ಟಿ ಕಾರಣವೆಂದು ಕಡತದಲ್ಲಿದೆ. ನಿವೃತ್ತಿಯಾದ ಮೇಲೆ ಕಚೇರಿಯವರು ಕೇಳಿದಾಗ ಹಾಗೆ ಬರೆದುಕೊಟ್ಟವನು ನಾನೇ. ಬಿಸಿಲು ಮಳೆ ಎರಡನ್ನೂ ತಡೆಯಲು ಆ ಮನೆಯಲ್ಲಿ ಒಂದು ಉಪಾಯವಿತ್ತು, ಅದನ್ನು ನಾನು ಮೇಜಿನ ಮೇಲಿಟ್ಟು ಕೊಯ್ಯಿಸಿದೆ ಎಂದು ಬರೆಯಲಿಲ್ಲ. ರೈತರು ಯಾವುದನ್ನು ಮುಟ್ಟದೆ ಬಿಟ್ಟಿರುತ್ತಾರೋ ಅದರ ಕಾರಣವನ್ನು ಮೊದಲು ಕೇಳಬೇಕು. ಕೆಲಸ ನನಗೆ ಕಲಿಸಿದ್ದು ಇದೊಂದೇ. ಕಲಿಯುವ ಹೊತ್ತಿಗೆ ಕೆಲಸವೂ ಮುಗಿದಿತ್ತು, ಗೆಡ್ಡೆಯೂ ಮುಗಿದಿತ್ತು. ಈಗಲೂ ಸಂತೆಯಲ್ಲಿ ಸುವರ್ಣಗೆಡ್ಡೆ ಕಂಡರೆ ಎಲ್ಲಿಯದೆಂದು ವಿಚಾರಿಸುತ್ತೇನೆ. ಎಲ್ಲವೂ ಬೇರೆ ಕಡೆಯಿಂದ ಲಾರಿಯಲ್ಲಿ ಬಂದವು.