ಇಬ್ಬರ ಲೆಕ್ಕದ ನೀರು

ಮದ್ದೂರು ಬಸ್ ನಿಲ್ದಾಣ, ಮಂಗಳವಾರ, ಬೆಳಿಗ್ಗೆ 10.20. ಹೊರಡಲು ಇನ್ನು ಹದಿಮೂರು ದಿನ.

ಕಚ್ಛಿನ ಮರಳುಗಾಡಿನಲ್ಲಿ ಅಗೆದು ತೆಗೆದ ಹಳೆಯ ಪಟ್ಟಣದ ಬಳಿ ಮೂರು ದಿನ ಡೇರೆ ಹಾಕುವುದೆಂದು ನಾನೂ ಹೊಳಲಿನ ಯೋಗೇಶನೂ ಎರಡು ವರ್ಷದಿಂದ ಮಾತಾಡಿಕೊಂಡಿದ್ದೆವು. ಅಲ್ಲಿ ಕುಡಿಯುವ ನೀರು ಸಿಗುವುದಿಲ್ಲ. ದಿನಕ್ಕೆ ತಲೆಗೆ ನಾಲ್ಕು ಲೀಟರ್, ಇಬ್ಬರಿಗೆ ಒಟ್ಟು ಇಪ್ಪತ್ತನಾಲ್ಕು. ಹೊರಲು ಆಗುತ್ತದೋ ನೋಡಲಿ ಎಂದು ಅವನ ಪಾಲಿನ ಹನ್ನೆರಡು ಲೀಟರಿನ ಕ್ಯಾನನ್ನು ನಮ್ಮೂರು ಪೂರಿಗಾಲಿಯಿಂದ ತುಂಬಿಸಿಯೇ ತಂದಿದ್ದೆ.

ಅವನು ಕ್ಯಾನು ಮುಟ್ಟಲಿಲ್ಲ.

"ನಾಲೇಲಿ ಗದ್ದೆಗೆ ಸರದಿ ಮ್ಯಾಲೆ ಕಟ್ಟುನೀರು ಬುಡ್ತಾವ್ರೆ ಕಣ್ಲಾ. ನಮ್ಮ ಸರದಿ ಅದೇ ವಾರ."

"ನಿಮ್ಮ ಚಿಕ್ಕಪ್ಪ ನೋಡ್ಕೊಳಲ್ವಾ?"

"ಅಪ್ಪ ಓದ್ ಮ್ಯಾಲೆ ಇದೇ ಮೊದಲ್ನೇ ನೀರು. ನಾನು ತೂಬಿನ ತಾವ ನಿಂತ್ಕಳ್ನಿಲ್ಲ ಅಂದ್ರೆ ಮ್ಯಾಗಳ ಗದ್ದೆಯೋರು ಸರದಿನೇ ಮರ್ತುಬುಡ್ತಾರೆ."

ಅವನಪ್ಪ ಹೋಗಿ ನಲವತ್ತೊಂದು ದಿನ. ದಿನ, ಲೆಕ್ಕ ಎಲ್ಲ ಬರೆದಿಡುವ ನನ್ನ ಪುಸ್ತಕದಲ್ಲಿ ಅದೂ ಇದೆ. ಆದರೂ ಪ್ರವಾಸದ ಪಟ್ಟಿ ಮಾಡುವಾಗ ಆ ಪುಟ ತಿರುಗಿಸಿ ನೋಡಿರಲಿಲ್ಲ.

ಮಂಡ್ಯದ ಬಸ್ಸು ಬಂತು. ಹತ್ತುತ್ತಾ ಕೂಗಿದ:

"ಲೇ, ಆ ಕಾಲದೋರು ನೀರು ನಿಲ್ಸಕ್ಕೆ ಕಲ್ಲಲ್ಲಿ ಕಟ್ಟೆ ಕಟ್ಟಿದ್ರು ಅಂದಿದ್ದಲ್ಲಾ, ಅದರ ಅಳತೆ ಬರ್ಕೊಂಡ್ ಬಾರ್ಲಾ."

ಒಬ್ಬನೇ ಹೋದರೆ ಅಲ್ಲಿ ಡೇರೆ ಹಾಕಲು ಅನುಮತಿ ಇಲ್ಲ. ಅದು ಅವನಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ.

"ಬರ್ಕೊಂಡ್ ಬತ್ತೀನಿ ಬುಡು" ಎಂದೆ.

ಮಳವಳ್ಳಿ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ. ತುಂಬಿದ ಕ್ಯಾನು ಬೆಂಚಿನ ಕೆಳಗಿದೆ. ಇಲ್ಲೇ ಸುರಿದರೆ ಕೈ ಹಗುರಾಗುತ್ತದೆ. ಎರಡು ಸಲ ಮುಚ್ಚಳ ಬಿಚ್ಚಿ, ಎರಡು ಸಲವೂ ಮುಚ್ಚಿದೆ.